ಸ್ವಾಭಿಮಾನಿ ಕ್ರೀಡಾಪಟು ಬಿಲ್ ರಸೆಲ್

ಆಟದಲ್ಲಿ ಅಂಕ ಗಳಿಸಿದವನ ಹೆಸರು ಎಲ್ಲರ ಬಾಯಲ್ಲಿ ನಿಲ್ಲುತ್ತದೆ. ಅವನ ಕೈಗೆ ಚೆಂಡನ್ನು ತಂದೊಪ್ಪಿಸಿದವನನ್ನೂ, ಎದುರಾಳಿಯು ಅಂಕ ಗಳಿಸದಂತೆ ತಡೆದು ನಿಂತವನನ್ನೂ ಜನ ಬಹುಬೇಗ ಮರೆಯುತ್ತಾರೆ. ಆದರೆ ತಡೆಯುವ ಕಲೆಯಿಂದಲೇ, ಜೊತೆಗಾರರಿಗೆ ನೆರವಾಗುವ ಗುಣದಿಂದಲೇ ಜಗದ್ವಿಖ್ಯಾತರಾದ ಆಟಗಾರರೊಬ್ಬರಿದ್ದರು. ಅವರೇ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪಟು ಬಿಲ್ ರಸೆಲ್. ಮೈಬಣ್ಣದ ಕಾರಣಕ್ಕಾಗಿ ಮನುಷ್ಯನನ್ನು ಕೀಳಾಗಿ ಕಾಣುತ್ತಿದ್ದ ಸಮಾಜದ ಎದುರು ತಲೆಯೆತ್ತಿ ನಿಂತು, ಆಟದಲ್ಲಿ ಗಳಿಸಿದ ಕೀರ್ತಿಗೆ ಸ್ವಾಭಿಮಾನದ ಕಾಂತಿಯನ್ನು ತಂದವರು ಅವರು.

ಬ್ಯಾಸ್ಕೆಟ್‌ಬಾಲ್ ಆಟವು ಹುಟ್ಟಿದ್ದು 1891ರಲ್ಲಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕರಾಗಿದ್ದ ಜೇಮ್ಸ್ ನೈಸ್ಮಿತ್ ಎಂಬವರು, ಚಳಿಗಾಲದಲ್ಲಿ ವಿದ್ಯಾರ್ಥಿಗಳು ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ರೂಪಿಸಲು ಹೊರಟು, ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಚೆಂಡನ್ನು ಅದರೊಳಕ್ಕೆ ಎಸೆಯುವಂತೆ ಹೇಳಿದರು. ಇಂದು ಬುಟ್ಟಿಯ ಜಾಗದಲ್ಲಿ ಬಲೆ ಕಟ್ಟಿದ ಕಬ್ಬಿಣದ ಬಳೆಯಿದೆ. ಅದು ನೆಲದಿಂದ 10 ಅಡಿ ಎತ್ತರದಲ್ಲಿರುತ್ತದೆ. ಒಂದೊಂದು ತಂಡದಿಂದ ಐವರು ಆಡುತ್ತಾರೆ. ಐವರೂ ದಾಳಿ ಮಾಡಬೇಕು, ಐವರೂ ಕಾಯಬೇಕು. ಆದುದರಿಂದ ಒಬ್ಬನ ಜಾಣ್ಮೆಯಿಂದಷ್ಟೇ ಗೆಲುವು ದೊರೆಯುವುದು ಬಲು ಕಷ್ಟ.

ಬಿಲ್ ರಸೆಲ್ 1934ರ ಫೆಬ್ರವರಿ 12ರಂದು ಲೂಸಿಯಾನ ರಾಜ್ಯದ ಮನ್ರೋ ಎಂಬ ಊರಿನಲ್ಲಿ ಜನಿಸಿದನು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಗ ವರ್ಣಭೇದವು ಕಾನೂನಿನ ಬೆಂಬಲದೊಡನೆ ಮೆರೆಯುತ್ತಿತ್ತು. ಕಪ್ಪುಜನರಿಗೆ ಶಾಲೆ ಬೇರೆ, ಬಸ್ಸಿನಲ್ಲಿ ಆಸನ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಒಮ್ಮೆ ಬಿಲ್ಲನ ತಂದೆ ಚಾರ್ಲ್ಸ್ ಪೆಟ್ರೋಲ್ ಹಾಕಿಸಲು ಹೋದಾಗ, ಅಲ್ಲಿದ್ದವನು ಬಿಳಿಯರಿಗೆಲ್ಲ ಮೊದಲು ಹಾಕಿ ಅವರನ್ನು ಕಾಯಿಸಿದನು. ಬೇಸತ್ತು ಹೊರಡಲನುವಾದ ಚಾರ್ಲ್ಸರಿಗೆ ಅವನು ಬಂದೂಕು ತೋರಿಸಿ ನಿಲ್ಲಿಸಿದನು. ಇನ್ನೊಮ್ಮೆ ತಾಯಿ ಕೇಟಿ ಅಂದವಾದ ಉಡುಪು ಧರಿಸಿ ಪೇಟೆಗೆ ಹೋದಾಗ, ಅದು ಬಿಳಿಯ ಹೆಂಗಸರು ತೊಡುವಂಥ ಉಡುಪೆಂದು ಪೊಲೀಸನೊಬ್ಬನು ಗದರಿಸಿ, ಮನೆಗೆ ಹೋಗಿ ಅದನ್ನು ಬದಲಿಸುವಂತೆ ಹೇಳಿದನು. ಕಣ್ಣೀರಿಡುತ್ತ ಮನೆಗೆ ಬಂದ ತಾಯಿಯ ಮುಖ ಆ ಎಳೆಯ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಇಂಥ ಅಪಮಾನಗಳನ್ನು ಸಹಿಸಲಾರದೆ, ಬಿಲ್ಲನಿಗೆ ಎಂಟು ವರ್ಷವಾಗಿದ್ದಾಗ ಕುಟುಂಬವು ದೂರದ ಕ್ಯಾಲಿಫೋರ್ನಿಯ ರಾಜ್ಯದ ಓಕ್ಲೆಂಡ್ ನಗರಕ್ಕೆ ವಲಸೆ ಹೋಯಿತು. ಅಲ್ಲಿಯೂ ಬಡತನ ಬೆನ್ನು ಬಿಡಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಬಿಲ್ ತಾಯಿಯನ್ನು ಕಳೆದುಕೊಂಡನು. ಲಾರಿ ಓಡಿಸುವ ವ್ಯವಹಾರದಲ್ಲಿದ್ದ ತಂದೆ, ಇಬ್ಬರು ಗಂಡುಮಕ್ಕಳ ಬಳಿಯಲ್ಲಿರಬೇಕೆಂದು ಅದನ್ನು ಬಿಟ್ಟು ಕಾರ್ಖಾನೆಯಲ್ಲಿ ಕಷ್ಟದ ದುಡಿಮೆಗೆ ಸೇರಿದರು. ತಾಯಿಯಿಲ್ಲದ ಹುಡುಗನು ನಗರದ ಗ್ರಂಥಾಲಯದಲ್ಲಿ ಪುಸ್ತಕಗಳ ನಡುವೆ ಸಮಾಧಾನವನ್ನು ಅರಸಿದನು.

ಮುಂದೆ ಲೋಕಪ್ರಸಿದ್ಧನಾಗಲಿದ್ದ ಈ ಹುಡುಗನಿಗೆ ಮೊದಲಲ್ಲಿ ಆಟ ಒಲಿಯಲಿಲ್ಲವೆಂದರೆ ಆಶ್ಚರ್ಯವಾದೀತು. ಎತ್ತರವಾಗಿ, ತೆಳ್ಳಗೆ ಬೆಳೆದಿದ್ದ ಅವನ ಕೈಕಾಲುಗಳು ಅವನ ಹತೋಟಿಯಲ್ಲೇ ಇರಲಿಲ್ಲ. ಮೆಕ್‌ಕ್ಲೈಮಂಡ್ಸ್ ಪ್ರೌಢಶಾಲೆಯಲ್ಲಿ ಕಿರಿಯರ ತಂಡಕ್ಕಿದ್ದ ಉಡುಪುಗಳು ಹದಿನೈದು, ಬಿಲ್ ಹದಿನಾರನೆಯವನು. ಹದಿನೈದನೆಯ ಉಡುಪನ್ನು ಅವನೂ ಇನ್ನೊಬ್ಬ ಹುಡುಗನೂ ಸರದಿಯ ಮೇಲೆ ತೊಡಬೇಕಾಯಿತು. ಆದರೂ ಅವನನ್ನು ಕೈಬಿಡದೆ ಉಳಿಸಿಕೊಂಡವರು ತರಬೇತುದಾರ ಜಾರ್ಜ್ ಪೌಲ್ಸ್. ಬಿಳಿಯ ಜನಾಂಗದ ಆ ಅಧ್ಯಾಪಕರು ಹುಡುಗನಲ್ಲಿ ಇಂದಿನ ಸೋಲನ್ನಲ್ಲ, ನಾಳಿನ ಸಾಧ್ಯತೆಯನ್ನು ಕಂಡರು. ಗುರುವಿನ ಆ ಒಂದು ವಿಶ್ವಾಸ ಶಿಷ್ಯನ ಬಾಳಿನ ದಿಕ್ಕನ್ನೇ ಬದಲಿಸಿತು.

ಪ್ರೌಢಶಾಲೆ ಮುಗಿದಾಗ ಬಿಲ್ ರಸೆಲ್ಲರಿಗೆ ವಿದ್ಯಾರ್ಥಿವೇತನ ನೀಡಲು ಮುಂದೆ ಬಂದದ್ದು ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯವೊಂದೇ. ಸ್ವಂತದ್ದೆನ್ನುವ ಆಟದ ಭವನವೂ ಆ ಸಂಸ್ಥೆಗೆ ಇರಲಿಲ್ಲ. ಅಲ್ಲಿ ಅವರಿಗೆ ಕೆ. ಸಿ. ಜೋನ್ಸ್ ಎಂಬ ಸಹಪಾಠಿ ದೊರೆತರು. ಒಂದೇ ಕೋಣೆಯಲ್ಲಿದ್ದ ಗೆಳೆಯರಿಬ್ಬರೂ ಆಟವನ್ನು ರೇಖಾಗಣಿತದ ಪ್ರಮೇಯದಂತೆ ಬಿಡಿಸಿ ನೋಡಿದರು. ಚೆಂಡು ಯಾವ ಕೋನದಲ್ಲಿ ಹಲಗೆಗೆ ತಾಗಿದರೆ ಎತ್ತ ಪುಟಿಯುತ್ತದೆ? ಎದುರಾಳಿಯನ್ನು ಯಾವ ಕಡೆಗೆ ಸರಿಸಿದರೆ ಅವನ ಎಸೆತ ತಪ್ಪುತ್ತದೆ? ಇಂಥ ಚರ್ಚೆಗಳಲ್ಲಿ ಅವರು ಗಂಟೆಗಟ್ಟಲೆ ಕಳೆಯುತ್ತಿದ್ದರು. ರಕ್ಷಣೆಯ ಆಟಗಾರನು ನೆಲದಿಂದ ಕಾಲು ಕೀಳಬಾರದೆಂಬುದು ಅಂದಿನ ತರಬೇತುದಾರರಲ್ಲಿ ಬೇರೂರಿದ್ದ ನಂಬಿಕೆ. ಎತ್ತರ ಜಿಗಿತದಲ್ಲಿಯೂ ನುರಿತಿದ್ದ ರಸೆಲ್ ಆ ನಂಬಿಕೆಯನ್ನು ಮುರಿದರು. ಎದುರಾಳಿಯ ಕೈಯಿಂದ ಚೆಂಡು ಹೊರಟ ಕ್ಷಣದಲ್ಲಿಯೇ ಮೇಲಕ್ಕೆ ನೆಗೆದು ಅದನ್ನು ಗಾಳಿಯಲ್ಲಿ ತಡೆಯತೊಡಗಿದರು.

ಅದರ ಫಲವಾಗಿ 1955 ಮತ್ತು 1956ರಲ್ಲಿ ಆ ವಿಶ್ವವಿದ್ಯಾನಿಲಯವು ಅಖಿಲ ಅಮೆರಿಕ ಕಾಲೇಜು ಚಾಂಪಿಯನ್ ಪಟ್ಟವನ್ನು ಗಳಿಸಿತು. ರಸೆಲ್ ಇದ್ದ ತಂಡ ಸತತವಾಗಿ 55 ಪಂದ್ಯಗಳನ್ನು ಗೆದ್ದಿತು. ಬುಟ್ಟಿಯ ಮುಂದೆ ಒಂದು ಪಟ್ಟೆಯಷ್ಟು ಜಾಗವಿರುತ್ತದೆ. ದಾಳಿ ಮಾಡುವ ತಂಡದ ಆಟಗಾರ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ರಸೆಲ್ಲರ ಪ್ರಾಬಲ್ಯವನ್ನು ಕಂಡು ಕಾಲೇಜು ಕ್ರೀಡಾಮಂಡಳಿಯು ಆ ಪಟ್ಟೆಯ ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಿತು. ಒಬ್ಬ ಆಟಗಾರನ ಸಾಮರ್ಥ್ಯಕ್ಕಾಗಿ ಆಟದ ನಿಯಮವೇ ಬದಲಾದುದು ಸಾಮಾನ್ಯ ಸಂಗತಿಯಲ್ಲ.

ಇಷ್ಟು ಕೀರ್ತಿ ಬಂದರೂ ವರ್ಣಭೇದದ ನೆರಳು ಸರಿದಿರಲಿಲ್ಲ. 1954ರ ಡಿಸೆಂಬರಿನಲ್ಲಿ ತಂಡವು ಓಕ್ಲಹೋಮ ನಗರಕ್ಕೆ ಆಡಲು ಹೋದಾಗ, ಕಪ್ಪು ಆಟಗಾರರಿಗೆ ಅಲ್ಲಿನ ಹೋಟೆಲುಗಳಲ್ಲಿ ಕೋಣೆ ದೊರೆಯಲಿಲ್ಲ. ಆಗ ಬಿಳಿಯ ಆಟಗಾರರೂ ಹೋಟೆಲನ್ನು ತ್ಯಜಿಸಿದರು. ರಜೆಯಿಂದಾಗಿ ಬರಿದಾಗಿದ್ದ ವಿದ್ಯಾರ್ಥಿನಿಲಯವೊಂದರಲ್ಲಿ ತಂಡದವರೆಲ್ಲರೂ ಒಟ್ಟಿಗೆ ಉಳಿದುಕೊಂಡು, ಆ ಪಂದ್ಯಾವಳಿಯನ್ನೂ ಗೆದ್ದರು. ತಂಡವೆಂದರೇನು ಎಂಬುದನ್ನು ಆ ರಾತ್ರಿಗಳು ಕಲಿಸಿಕೊಟ್ಟವು.

1956ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ರಸೆಲ್ ತಮ್ಮ ದೇಶದ ಪರವಾಗಿ ಆಡಿದರು. ಅಂತಿಮ ಪಂದ್ಯದಲ್ಲಿ ಅಮೆರಿಕವು ಸೋವಿಯತ್ ಒಕ್ಕೂಟವನ್ನು 89–55 ಅಂಕಗಳಿಂದ ಸೋಲಿಸಿ ಸ್ವರ್ಣಪದಕ ಪಡೆಯಿತು. ಅಲ್ಲಿಂದ ಹಿಂದಿರುಗಿದವರೇ ಅವರು ಬಾಸ್ಟನ್ ಸೆಲ್ಟಿಕ್ಸ್ ಎಂಬ ವೃತ್ತಿಪರ ತಂಡವನ್ನು ಸೇರಿದರು. ಆ ತಂಡದ ತರಬೇತುದಾರರು ಚತುರಮತಿಯಾದ ರೆಡ್ ಔರ್‌ಬಾಕ್. ಅಂಕ ಗಳಿಸಬಲ್ಲ ಆಟಗಾರರು ಅವರಲ್ಲಿ ಸಾಕಷ್ಟಿದ್ದರು. ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡನ್ನು ಹಿಡಿದು ಅವರಿಗೆ ಒದಗಿಸಬಲ್ಲವರು ಬೇಕಾಗಿದ್ದರು. ಈ ಹಿಡಿತಕ್ಕೆ ರಿಬೌಂಡ್ ಎಂದು ಹೆಸರು. ರಸೆಲ್ ತಮ್ಮ ವೃತ್ತಿಜೀವನದಲ್ಲಿ ಒಟ್ಟು 21,620 ರಿಬೌಂಡುಗಳನ್ನು ಹಿಡಿದರು. 1960ರ ಒಂದು ಪಂದ್ಯದಲ್ಲಿಯಂತೂ ಅವರು ಹಿಡಿದದ್ದು 51.

ಎದುರಾಳಿಯ ಎಸೆತವನ್ನು ತಡೆದ ಆಟಗಾರನು ಸಾಮಾನ್ಯವಾಗಿ ಚೆಂಡನ್ನು ಬಲವಾಗಿ ಹೊಡೆದು ಗೆರೆಯಾಚೆಗೆ ಅಟ್ಟುತ್ತಾನೆ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ; ಆದರೆ ಚೆಂಡು ಮತ್ತೆ ಎದುರಾಳಿಗಳಿಗೇ ಸೇರುತ್ತದೆ. ರಸೆಲ್ ಹಾಗೆ ಮಾಡುತ್ತಿರಲಿಲ್ಲ. ಚೆಂಡನ್ನು ಮೆಲ್ಲನೆ ತಟ್ಟಿ ತಮ್ಮ ಜೊತೆಗಾರನ ಕೈಗೆ ಬೀಳುವಂತೆ ನೋಡಿಕೊಳ್ಳುತ್ತಿದ್ದರು. ಇಂಥ ತಡೆಗಳನ್ನು ಎಣಿಸಿ ಬರೆದಿಡುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ ಅವರ ಸಾಧನೆಯ ದೊಡ್ಡ ಭಾಗವೊಂದು ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ. ಅದರಿಂದ ಅವರಿಗೆ ಕೊರತೆಯೆನಿಸಲೂ ಇಲ್ಲ. ತಾವು ಎಷ್ಟು ಅಂಕ ಗಳಿಸಿದೆವೆಂಬುದಕ್ಕಿಂತ, ತಮ್ಮಿಂದ ಜೊತೆಗಾರರ ಆಟ ಎಷ್ಟು ಉತ್ತಮಗೊಂಡಿತೆಂಬುದೇ ಅವರಿಗೆ ಅಳತೆಗೋಲಾಗಿತ್ತು.

ಈ ಅಳತೆಗೋಲಿನ ಸತ್ಯವನ್ನು ಇತಿಹಾಸವೇ ತೋರಿಸಿತು. ಅವರ ಸಮಕಾಲೀನರಾದ ವಿಲ್ಟ್ ಚೇಂಬರ್ಲಿನ್ 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ಮಹಾನ್ ಆಟಗಾರರು. ಅವರ ಪಾಲಿಗೆ ಬಂದ ಚಾಂಪಿಯನ್ ಪಟ್ಟಗಳು ಎರಡು. ರಸೆಲ್ಲರ 13 ವರ್ಷಗಳ ಆಟದ ಅವಧಿಯಲ್ಲಿ ಬಾಸ್ಟನ್ ತಂಡ ಗೆದ್ದ ಪಟ್ಟಗಳು 11. ಅವುಗಳಲ್ಲಿ ಎಂಟು, 1959ರಿಂದ 1966ರವರೆಗೆ ಸಾಲಾಗಿ ಬಂದಂಥವು.

ಆದರೆ ಬಾಸ್ಟನ್ನಿಗೆ ಇಷ್ಟೆಲ್ಲ ಕೀರ್ತಿ ತಂದವರಿಗೆ ಆ ಊರಿನ ಆಸುಪಾಸಿನಲ್ಲಿಯೇ ನೆಮ್ಮದಿ ದೊರೆಯಲಿಲ್ಲ. ದುಷ್ಟರು ಅವರ ಮನೆಗೆ ನುಗ್ಗಿ, ಪಾರಿತೋಷಕಗಳನ್ನು ಒಡೆದು, ಗೋಡೆಗಳ ಮೇಲೆ ಜನಾಂಗವನ್ನು ಹೀಯಾಳಿಸುವ ಮಾತುಗಳನ್ನು ಬರೆದು, ಹಾಸಿಗೆಯನ್ನು ಹೊಲಸು ಮಾಡಿ ಹೋದರು. 1961ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರಕ್ಕೆ ಪ್ರದರ್ಶನ ಪಂದ್ಯಕ್ಕಾಗಿ ಹೋಗಿದ್ದಾಗ, ಹೋಟೆಲಿನ ಉಪಾಹಾರ ಗೃಹದಲ್ಲಿ ತಂಡದ ಕಪ್ಪು ಆಟಗಾರರಿಗೆ ಊಟ ನಿರಾಕರಿಸಲಾಯಿತು. ರಸೆಲ್ ಮತ್ತು ಅವರ ಸಂಗಡಿಗರು ಪಂದ್ಯವನ್ನು ಆಡದೆ ವಿಮಾನ ಹತ್ತಿ ಹಿಂದಿರುಗಿದರು. ತಮ್ಮ ಆಟವನ್ನು ನೋಡಿ ಸಂತೋಷಪಡುವವರು ತಮ್ಮೊಡನೆ ಕುಳಿತು ಉಣ್ಣಲು ಹೇಸುವುದಾದರೆ, ಆ ಸಂತೋಷಕ್ಕೆ ತಾವು ಸಾಧನವಾಗಬಾರದೆಂಬುದು ಅವರ ನಿಲುವು. 1963ರಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಕಪ್ಪುಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಮೆಡ್ಗರ್ ಎವರ್ಸರ ಕೊಲೆಯಾದಾಗ, ರಸೆಲ್ ಪ್ರಾಣಭಯವನ್ನು ಲೆಕ್ಕಿಸದೆ ಆ ರಾಜ್ಯದ ಜಾಕ್ಸನ್ ನಗರಕ್ಕೆ ಹೋಗಿ ಕಪ್ಪು ಮತ್ತು ಬಿಳಿಯ ಮಕ್ಕಳಿಗೆ ಒಂದೇ ಅಂಗಳದಲ್ಲಿ ಆಟ ಕಲಿಸಿದರು.

1966ರಲ್ಲಿ ಔರ್‌ಬಾಕ್ ತರಬೇತುದಾರರ ಹುದ್ದೆಯಿಂದ ನಿವೃತ್ತರಾದರು. ಆ ಸ್ಥಾನಕ್ಕೆ ರಸೆಲ್ ಆಯ್ಕೆಯಾದರು. ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘದ ಇತಿಹಾಸದಲ್ಲಿ ಕಪ್ಪು ಜನಾಂಗದವರೊಬ್ಬರು ಮುಖ್ಯ ತರಬೇತುದಾರರಾದದ್ದು ಅದೇ ಮೊದಲು. ಬಿಳಿಯ ಆಟಗಾರರನ್ನು ಪಕ್ಷಪಾತವಿಲ್ಲದೆ ನಡೆಸಬಲ್ಲಿರಾ ಎಂದು ಪತ್ರಕರ್ತರು ಕೇಳಿದರು. ಅಂಥ ಪ್ರಶ್ನೆಯನ್ನು ಬಿಳಿಯ ತರಬೇತುದಾರರಿಗೆ ಯಾರೂ ಕೇಳುತ್ತಿರಲಿಲ್ಲ. ಆಟದಲ್ಲಿ ಮನುಷ್ಯನಿಗೆ ಗೌರವ ಸಲ್ಲುವುದು ಅವನ ಸಾಮರ್ಥ್ಯಕ್ಕೆ ಮಾತ್ರ ಎಂದು ರಸೆಲ್ ಶಾಂತರಾಗಿ ಉತ್ತರಿಸಿದರು.

ಆಟಗಾರರೂ ತರಬೇತುದಾರರೂ ಅವರೇ ಆಗಿದ್ದ ಮೊದಲ ವರ್ಷ ಚೇಂಬರ್ಲಿನ್ನರ ಫಿಲಡೆಲ್ಫಿಯ ತಂಡವು ಬಾಸ್ಟನ್ನನ್ನು ಸೋಲಿಸಿತು. ಮರುವರ್ಷ ಅದೇ ತಂಡದೆದುರು ಒಂದಕ್ಕೆ ಮೂರು ಪಂದ್ಯಗಳಿಂದ ಹಿಂದೆ ಬಿದ್ದಿದ್ದರೂ, ಉಳಿದ ಮೂರನ್ನೂ ಗೆದ್ದು ಬಾಸ್ಟನ್ 1968ರ ಚಾಂಪಿಯನ್ನಾಯಿತು. 1969ರಲ್ಲಿ ತಂಡಕ್ಕೆ ವಯಸ್ಸಾಗಿತ್ತು. ಅಂತಿಮ ಪಂದ್ಯ ಲಾಸ್ ಏಂಜಲೀಸಿನಲ್ಲಿ. ತಮ್ಮ ತಂಡ ಗೆದ್ದೇ ಗೆಲ್ಲುವುದೆಂದು ನಂಬಿದ್ದ ಅಲ್ಲಿಯವರು ವಿಜಯೋತ್ಸವಕ್ಕಾಗಿ ಸಾವಿರಾರು ಬಲೂನುಗಳನ್ನು ಚಾವಣಿಗೆ ಕಟ್ಟಿಸಿದ್ದರು. ಬಾಸ್ಟನ್ 108–106 ಅಂಕಗಳಿಂದ ಗೆದ್ದಿತು. ಬಲೂನುಗಳು ಚಾವಣಿಯಲ್ಲಿಯೇ ಉಳಿದವು. ಹನ್ನೊಂದನೆಯ ಪಟ್ಟದೊಡನೆ ರಸೆಲ್ ಆಟದಿಂದ ನಿವೃತ್ತರಾದರು.

ಮುಂದೆ ಅವರು 1973ರಿಂದ 1977ರವರೆಗೆ ಸಿಯಾಟಲ್ ತಂಡಕ್ಕೂ, 1987–88ರಲ್ಲಿ ಸ್ಯಾಕ್ರಮೆಂಟೊ ತಂಡಕ್ಕೂ ತರಬೇತುದಾರರಾದರು. ಸಿಯಾಟಲ್ ತಂಡವನ್ನು 1975ರಲ್ಲಿ ಮೊದಲ ಬಾರಿಗೆ ಪ್ಲೇಆಫ್ ಪಂದ್ಯಗಳಿಗೆ ಕೊಂಡೊಯ್ದರೂ ಚಾಂಪಿಯನ್ ಪಟ್ಟ ದೊರೆಯಲಿಲ್ಲ. ಸ್ಯಾಕ್ರಮೆಂಟೊದಲ್ಲಿ 58 ಪಂದ್ಯಗಳಲ್ಲಿ 17ನ್ನು ಮಾತ್ರ ಗೆಲ್ಲಲು ಸಾಧ್ಯವಾಗಿ, ಅವರು ಹುದ್ದೆಯನ್ನು ಬಿಡಬೇಕಾಯಿತು. ಬಾಸ್ಟನ್ನಿನಲ್ಲಿ ತರಬೇತುದಾರ ರಸೆಲ್ಲರಿಗೆ ಆಟಗಾರ ರಸೆಲ್ಲರ ನೆರವಿತ್ತು. ಈ ತಂಡಗಳಲ್ಲಿ ಅದಿರಲಿಲ್ಲ. ತಾನು ಬಲ್ಲುದನ್ನು ಇನ್ನೊಬ್ಬರಲ್ಲಿ ಬೆಳೆಸುವುದು, ಬಲ್ಲುದಕ್ಕಿಂತಲೂ ಕಠಿನವಾದ ಕಾರ್ಯ. ಆದರೆ ಅವರು ತೆರೆದ ಬಾಗಿಲು ಮುಚ್ಚಲಿಲ್ಲ. ಪ್ರೌಢಶಾಲೆಯಲ್ಲಿ ಅವರೊಡನೆ ಆಡಿದ್ದ ಫ್ರ್ಯಾಂಕ್ ರಾಬಿನ್ಸನ್ 1975ರಲ್ಲಿ ಅಮೆರಿಕದ ಪ್ರಮುಖ ಬೇಸ್‌ಬಾಲ್ ತಂಡವೊಂದಕ್ಕೆ ಕಪ್ಪು ಜನಾಂಗದ ಮೊದಲ ವ್ಯವಸ್ಥಾಪಕರಾದರು. ಗೆಳೆಯ ಕೆ. ಸಿ. ಜೋನ್ಸ್ ಬಾಸ್ಟನ್ನಿನ ತರಬೇತುದಾರರಾಗಿ 1984 ಮತ್ತು 1986ರಲ್ಲಿ ತಂಡಕ್ಕೆ ಪಟ್ಟ ತಂದುಕೊಟ್ಟರು.

ಸನ್ಮಾನಗಳ ವಿಷಯದಲ್ಲಿಯೂ ರಸೆಲ್ ತಮ್ಮ ನಿಲುವನ್ನು ಸಡಿಲಿಸಲಿಲ್ಲ. 1972ರಲ್ಲಿ ಅವರ 6ನೆಯ ಸಂಖ್ಯೆಯ ಅಂಗಿಯನ್ನು ಗೌರವಾರ್ಥವಾಗಿ ಮೇಲೇರಿಸಿದಾಗ, ಪ್ರೇಕ್ಷಕರು ಒಳಬರುವ ಮೊದಲೇ ಜೊತೆಗಾರರ ಸಮ್ಮುಖದಲ್ಲಿ ಅದು ಮುಗಿಯಬೇಕೆಂದು ಕೇಳಿಕೊಂಡರು. 1975ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಆಯ್ಕೆಯಾದಾಗ ಸಮಾರಂಭಕ್ಕೆ ಹೋಗಲಿಲ್ಲ. ತಮಗಿಂತ ಮೊದಲು ದಾರಿ ಮಾಡಿಕೊಟ್ಟ ಕಪ್ಪು ಆಟಗಾರರಿಗೆ ಆ ಗೌರವ ಮೊದಲು ಸಲ್ಲಬೇಕಿತ್ತೆಂಬುದು ಅವರ ಭಾವನೆ. ಅಂಥವರಲ್ಲೊಬ್ಬರಾದ ಚಕ್ ಕೂಪರ್ 2019ರಲ್ಲಿ ಆಯ್ಕೆಯಾದ ಮೇಲೆ, 44 ವರ್ಷಗಳ ಹಿಂದಿನ ಆ ಉಂಗುರವನ್ನು ರಸೆಲ್ ಸ್ವೀಕರಿಸಿದರು.

ಕಾಲ ಕಳೆದಂತೆ ಬಾಸ್ಟನ್ನಿನ ಮನಸ್ಸೂ ಬದಲಾಯಿತು. 1999ರಲ್ಲಿ ಅದೇ ಅಂಗಿಯನ್ನು ಮತ್ತೊಮ್ಮೆ, ತುಂಬಿದ ಸಭೆಯ ಹರ್ಷೋದ್ಗಾರದ ನಡುವೆ ಮೇಲೇರಿಸಲಾಯಿತು. 2011ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವರು ರಸೆಲ್ಲರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕವನ್ನು ನೀಡಿದರು. 2013ರಲ್ಲಿ ಬಾಸ್ಟನ್ ನಗರಭವನದ ಅಂಗಳದಲ್ಲಿ ಅವರ ಪ್ರತಿಮೆ ನಿಂತಿತು. 2022ರ ಜುಲೈ 31ರಂದು, ತಮ್ಮ 88ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ರಾಷ್ಟ್ರೀಯ ಸಂಘದ ಯಾವ ತಂಡವೂ ಇನ್ನು ಮುಂದೆ 6ನೆಯ ಸಂಖ್ಯೆಯನ್ನು ಹೊಸ ಆಟಗಾರನಿಗೆ ಕೊಡಬಾರದೆಂದು ಆ ವರ್ಷವೇ ನಿರ್ಧಾರವಾಯಿತು.

ಒಂದು ಉಡುಪನ್ನು ಇನ್ನೊಬ್ಬನೊಡನೆ ಹಂಚಿಕೊಂಡು ಆಟ ಆರಂಭಿಸಿದ ಹುಡುಗನ ಸಂಖ್ಯೆಗೆ ಸಂದ ಗೌರವವಿದು. ಜೊತೆಗಾರರ ಮುಂದೆ ತನ್ನನ್ನು ಹಿಂದಿಟ್ಟುಕೊಳ್ಳುವ ವಿನಯವೂ, ಅನ್ಯಾಯದ ಮುಂದೆ ಒಂದು ಹೆಜ್ಜೆಯೂ ಹಿಂದೆ ಸರಿಯದ ಧೈರ್ಯವೂ ಒಬ್ಬರಲ್ಲಿಯೇ ನೆಲೆಸಬಲ್ಲವು ಎಂಬುದಕ್ಕೆ ಬಿಲ್ ರಸೆಲ್ಲರ ಬಾಳು ಸಾಕ್ಷಿಯಾಗಿದೆ.