ಸೇತುವೆಯ ದೆವ್ವ: ಒಂದು ಐತಿಹ್ಯ ವಿಚಾರ

ದೆವ್ವದ ಕಥೆಗಳನ್ನು ಕೇಳಿದವರು ಸಾಮಾನ್ಯವಾಗಿ ಎರಡು ಬಗೆಯಾಗಿ ವರ್ತಿಸುತ್ತಾರೆ. ಕೆಲವರು ನಂಬಿ ಅಂಜುತ್ತಾರೆ. ಕಲಿತವರೆನಿಸಿಕೊಂಡವರು ನಕ್ಕು ತಳ್ಳಿಬಿಡುತ್ತಾರೆ. ಅಂಜುವವನಾಗಲಿ ನಗುವವನಾಗಲಿ ಕಥೆಯನ್ನು ಪೂರ್ತಿಯಾಗಿ ಕೇಳುವುದಿಲ್ಲ. ಗ್ರಾಮಸ್ಥರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮಾತಿನಲ್ಲಿ ಏನಾದರೂ ಅರ್ಥವಿದ್ದೇ ಇರಬೇಕೆಂಬ ಗೌರವದಿಂದ ಅದನ್ನು ಪರಿಶೀಲಿಸುವುದು ಭಾಷಾಧ್ಯಾಪಕನ ಕರ್ತವ್ಯ. ಈ ದೃಷ್ಟಿಯಿಂದ ಊರಾಚೆಯ ಸೇತುವೆಗಳ ದೆವ್ವದ ಐತಿಹ್ಯವನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ಬರೆಯಲಾಗಿದೆ.

ಕಥೆಯ ಚೌಕಟ್ಟು ಕನ್ನಡ ನಾಡಿನಲ್ಲೆಲ್ಲ ಹೆಚ್ಚುಕಡಮೆ ಒಂದೇ. ಅಪರಾತ್ರಿ, ಒಂಟಿ ದಾರಿಗ, ಹಳ್ಳದ ಮೇಲಿನ ಮೋರಿ ಅಥವಾ ಸೇತುವೆ, ಬಿಳಿಯ ಸೀರೆ ಉಟ್ಟ ಹೆಣ್ಣು. ಅವಳು ಎಲೆಗೆ ಸುಣ್ಣ ಕೇಳುತ್ತಾಳೆ, ಇಲ್ಲವೆ ಬಂಡಿಗೆ ಹತ್ತಿಸಿಕೊಳ್ಳೆಂದು ಬೇಡುತ್ತಾಳೆ. ಗೆಜ್ಜೆಯ ಸದ್ದು ಕೇಳಿಸುತ್ತದೆ. ನೋಡಿದರೆ ಪಾದಗಳು ಹಿಂದುಮುಂದು. ಹಿಂದೆ ಎತ್ತಿನ ಬಂಡಿಯವನಿಗೆ ಕಾಣಿಸಿಕೊಂಡವಳು ಈಗ ಮೋಟಾರು ಸೈಕಲ್ಲಿನವನಿಗೆ ಕಾಣಿಸಿಕೊಳ್ಳುತ್ತಾಳೆ. ವಾಹನ ಬದಲಾದರೂ ಸ್ಥಳ ಬದಲಾಗಿಲ್ಲ, ಹೆಣ್ಣೂ ಬದಲಾಗಿಲ್ಲ. ಅವಳು ಸೇತುವೆಯ ಮೇಲೆಯೇ ಏಕೆ ನಿಲ್ಲಬೇಕು? ಅಲ್ಲಿ ನಿಲ್ಲುವವಳು ಬಹುಮಟ್ಟಿಗೆ ಹೆಣ್ಣೇ ಏಕಾಗಿರಬೇಕು? ಈ ಎರಡು ಪ್ರಶ್ನೆಗಳೇ ಪ್ರಕೃತ ವಿಚಾರಕ್ಕೆ ಆಧಾರ.

ಶಬ್ದಾರ್ಥ ವಿಚಾರ

ಮೊದಲು ಶಬ್ದಗಳನ್ನು ನೋಡೋಣ. ‘ಸೇತು’ ಎಂಬುದು ಕಟ್ಟು ಎಂಬರ್ಥದ ಧಾತುವಿನಿಂದ ಹುಟ್ಟಿದ ಸಂಸ್ಕೃತ ಪದ. ಅಮರಸಿಂಹನು ಇದನ್ನು ‘ಆಲಿ’, ಎಂದರೆ ನೀರಿಗೆ ಅಡ್ಡಲಾಗಿ ಹಾಕಿದ ಒಡ್ಡು, ಎಂಬ ಶಬ್ದದೊಡನೆ ಸೇರಿಸಿ ಹೇಳಿದ್ದಾನೆ. ಆದುದರಿಂದ ದಾಟುವ ಸೇತುವೆ, ನೀರನ್ನು ತಡೆಯುವ ಏರಿ, ಇವೆರಡಕ್ಕೂ ಹಿಂದೆ ಹೆಸರು ಒಂದೇ ಆಗಿತ್ತು. ಆನೇಕಲ್ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಇದು ಕೆರೆಗಳ ನಾಡು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ದಾರಿ ಎಷ್ಟೋ ಕಡೆ ಏರಿಯ ಮೇಲೆಯೇ ಸಾಗುತ್ತದೆ. ಕಾಲುವೆಗೆ ಅಡ್ಡ ಬಂದಲ್ಲಿ ಮೋರಿಯಾಗುತ್ತದೆ.

‘ಭೂತ’ ಎಂದರೆ ಆಗಿಹೋದುದು. ವ್ಯಾಕರಣದ ಭೂತಕಾಲವೂ ಹಳ್ಳದ ಭೂತವೂ ಒಂದೇ ಧಾತುವಿನ ಮಕ್ಕಳು. ‘ಪ್ರೇತ’ ಎಂದರೆ ಮುಂದೆ ಹೊರಟುಹೋದವನು. ಇನ್ನು ‘ದೆವ್ವ’ ಎಂಬುದು ‘ದೈವ’ ಶಬ್ದದ ತದ್ಭವವೆಂಬುದು ವಿದ್ವಾಂಸರ ಮತ. ಪೂಜೆಗೊಳ್ಳುವುದಕ್ಕೂ ಅಂಜಿಸುವುದಕ್ಕೂ ಮೂಲದಲ್ಲಿ ಒಂದೇ ಮಾತು ಇದ್ದುದು ಗಮನಾರ್ಹ. ಸತ್ತವರಲ್ಲಿ ಕೆಲವರು ದೈವವಾಗುವುದೂ ಕೆಲವರು ದೆವ್ವವಾಗುವುದೂ ಯಾವ ಕಾರಣದಿಂದ ಎಂಬುದನ್ನು ಮುಂದೆ ನೋಡೋಣ.

ಕೆರೆಗೆ ಹಾರವಾದವಳು

ಏರಿ ಸೇತುವೆಗಳೆರಡೂ ‘ಸೇತು’ವೇ ಆದುದರಿಂದ, ಸೇತುವೆಯ ಹೆಣ್ಣುದೆವ್ವಕ್ಕೆ ಕನ್ನಡದಲ್ಲಿ ಒಬ್ಬ ಅಕ್ಕನಿದ್ದಾಳೆಂದು ಹೇಳಬಹುದು. ಅವಳು ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯ ಭಾಗೀರಥಿ. ಮಲ್ಲನಗೌಡನು ಕೆರೆ ಕಟ್ಟಿಸಿದರೆ ಹನಿ ನೀರೂ ಬರಲಿಲ್ಲ. ಹೊತ್ತಗೆ ತೆಗೆಸಿ ಕೇಳಿದಾಗ ಮನೆಯ ಸೊಸೆಯೊಬ್ಬಳನ್ನು ಆಹುತಿ ಕೊಡಬೇಕೆಂದು ಬಂದಿತು. ಆಯ್ಕೆಯು ಕಿರಿಯ ಸೊಸೆಯ ಮೇಲೆ ಬಿದ್ದಿತು. ಆಕೆ ತವರಿಗೆ ಹೋಗುತ್ತಾಳೆ. ಹೆತ್ತವರ ಮುಂದೆ ನಿಜವನ್ನು ಮರೆಮಾಚುತ್ತಾಳೆ. ಗೆಳತಿಯ ಬಳಿ ಮಾತ್ರ ಬಾಯಿ ಬಿಡುತ್ತಾಳೆ. ಮರಳಿ ಬಂದು ಎಲ್ಲರೊಡನೆ ಗಂಗೆಯ ಪೂಜೆಗೆ ಹೋಗುತ್ತಾಳೆ. ಪೂಜೆ ಮುಗಿದ ಮೇಲೆ, ಮರೆತ ಬಟ್ಟಲನ್ನು ತರುವ ನೆಪದಿಂದ ಒಬ್ಬಳೇ ಕೆರೆಗೆ ಇಳಿದಾಗ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯನು ಓಡಿಬಂದು ತಾನೂ ಅದೇ ಕೆರೆಗೆ ಹಾರುತ್ತಾನೆ.

ಈ ಕಥೆ ನಮ್ಮೊಬ್ಬರದಲ್ಲ. ಗ್ರೀಸ್ ದೇಶದ ಆರ್ತಾ ಎಂಬಲ್ಲಿನ ಸೇತುವೆಯ ಹಾಡಿನಲ್ಲಿ, ಹಗಲು ಕಟ್ಟಿದುದು ಇರುಳು ಕುಸಿಯುತ್ತದೆ. ಮೇಸ್ತ್ರಿಯ ಹೆಂಡತಿಯನ್ನು ಅಡಿಪಾಯದಲ್ಲಿಟ್ಟು ಕಟ್ಟಿದ ಮೇಲೆ ನಿಲ್ಲುತ್ತದೆ. ಸರ್ಬಿಯದವರಲ್ಲಿ ಸ್ಕಾದರ್ ಕೋಟೆಯನ್ನು ಕುರಿತು ಇಂಥದೇ ಹಾಡಿದೆ. ಜಾನಪದ ವಿದ್ವಾಂಸ ಅಲನ್ ಡಂಡೆಸ್ ಅವರು ಈ ವಸ್ತುವನ್ನು ಕುರಿತ ಲೇಖನಗಳನ್ನು ಸಂಪಾದಿಸಿ 1996ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ದೇಶ ಯಾವುದೇ ಇರಲಿ, ಹಾಡಿನಲ್ಲಿ ಬಲಿಯಾಗುವವಳು ಹೊರಗಿನಿಂದ ಬಂದ ಸೊಸೆ. ಮನೆಯಲ್ಲಿ ಅವಳ ಮಾತು ನಡೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಾಡು ಇತಿಹಾಸದ ಸಾಕ್ಷಿಪತ್ರವಲ್ಲ. ಇಂಥ ಕೆರೆಗೆ ಇಂಥವಳನ್ನು ಬಲಿಕೊಟ್ಟರೆಂದು ಹಾಡಿನ ಆಧಾರದಿಂದ ಹೇಳುವುದು ತಪ್ಪು. ದೊಡ್ಡ ಕಟ್ಟಡವೊಂದು ಏಳುವಾಗ ಯಾರೋ ಬಡಪಾಯಿಯ ಜೀವ ಅದರೊಳಗೆ ಸೇರುತ್ತದೆ, ಆ ಬೆಲೆಯನ್ನು ತೆರುವವರು ಕಟ್ಟಿಸುವವರಲ್ಲ, ಎಂಬ ಜನರ ಅನುಭವವನ್ನು ಹಾಡು ಹೇಳುತ್ತದೆ. ಅನುಭವವನ್ನು ವಾರ್ತೆಯೆಂದು ಎಣಿಸಿದರೆ ಏನಾಗುವುದೆಂಬುದಕ್ಕೆ ಹತ್ತಿರದ ನಿದರ್ಶನವಿದೆ. ಬಾಂಗ್ಲಾದೇಶದಲ್ಲಿ ಪದ್ಮಾ ನದಿಗೆ 6.15 ಕಿಲೋಮೀಟರು ಉದ್ದದ ಸೇತುವೆ ಕಟ್ಟುತ್ತಿದ್ದಾಗ, ಅದಕ್ಕೆ ಮಕ್ಕಳ ತಲೆಗಳು ಬೇಕಾಗಿವೆಯೆಂಬ ವದಂತಿ 2019ರಲ್ಲಿ ಹಬ್ಬಿತು. ಮಕ್ಕಳ ಕಳ್ಳರೆಂಬ ಶಂಕೆಯಿಂದ ಜನರ ಗುಂಪುಗಳು ಹಲವರು ನಿರಪರಾಧಿಗಳನ್ನು ಹೊಡೆದು ಕೊಂದವು. ಅವರಲ್ಲಿ ಒಬ್ಬಾಕೆ ಮಗುವನ್ನು ಶಾಲೆಗೆ ಸೇರಿಸುವ ವಿಚಾರಕ್ಕಾಗಿ ಬಂದಿದ್ದ ತಾಯಿ. ಸೇತುವೆ 2022ರ ಜೂನ್ 25ರಂದು ತೆರೆಯಿತು. ಹೋದ ಜೀವಗಳು ಮರಳಲಿಲ್ಲ. ಅದು ದೂರದ ಸಂಗತಿಯೆಂದು ನಾವು ಸಮಾಧಾನ ಪಡುವಂತಿಲ್ಲ. 2018ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲಿಯೇ, ಮಕ್ಕಳ ಕಳ್ಳನೆಂಬ ವದಂತಿಗೆ, ರಾಜಸ್ಥಾನದಿಂದ ಕೂಲಿಗಾಗಿ ಬಂದಿದ್ದ ಯುವಕನೊಬ್ಬ ಬಲಿಯಾದ. ಹೊಸೂರು ರಸ್ತೆಯ ಉದ್ದಕ್ಕೂ ಪರಸ್ಥಳದ ಕೂಲಿಕಾರರೇ ತುಂಬಿರುವ ನಮ್ಮ ತಾಲ್ಲೂಕಿನಲ್ಲಿ ಇದನ್ನು ಮರೆಯುವುದು ಅಪಾಯಕರ.

ಕಲ್ಲು ಸಿಕ್ಕಿದವರು, ಕಲ್ಲು ಸಿಗದವರು

ದೈವ ದೆವ್ವಗಳ ಭೇದಕ್ಕೆ ಈಗ ಬರೋಣ. ನೆರೆಯ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ, ‘ಬೆಂಗಳೂರು’ ಎಂಬ ಹೆಸರು ಅದರಲ್ಲಿ ಬರುವುದರಿಂದ ಅದು ಪ್ರಸಿದ್ಧವಾಗಿದೆ. ಬೆಂಗಳೂರ ಕಾಳಗದಲ್ಲಿ ಮಡಿದವನನ್ನು ಅದು ಸ್ಮರಿಸುತ್ತದೆ. ತುರುಗಾಳಗದಲ್ಲಿ ಸತ್ತವನಿಗೆ ವೀರಗಲ್ಲು, ಗಂಡನೊಡನೆ ಸತ್ತವಳಿಗೆ ಮಾಸ್ತಿಕಲ್ಲು ನಿಲ್ಲಿಸುವುದು ನಮ್ಮ ಹಿರಿಯರ ಪದ್ಧತಿ. ಹೀಗೆ ಕಲ್ಲು ಸಿಕ್ಕಿದವರಿಗೆ ಹೆಸರು ಉಳಿಯಿತು. ಕೆಲವೆಡೆ ಎಣ್ಣೆ ಹೂವು ಸಲ್ಲುತ್ತಾ ಬಂದು ಅವರು ದೈವವಾದರು. ಹಳ್ಳ ದಾಟುವಾಗ ಕೊಚ್ಚಿಹೋದ ಕೂಲಿಯವಳಿಗೆ, ಅತ್ತೆಮನೆಯ ಕಷ್ಟ ತಾಳದೆ ಕೆರೆಗೆ ಬಿದ್ದ ಸೊಸೆಗೆ, ಕಮಾನು ಕುಸಿದು ಸತ್ತ ಪರವೂರ ಕಲ್ಲುಕುಟಿಗನಿಗೆ ಕಲ್ಲು ನಿಲ್ಲಿಸಿದವರಿಲ್ಲ. ಇವರನ್ನು ಊರು ಮರೆಯಲಾರದು, ಬಾಯಿಬಿಟ್ಟು ಹೇಳಲೂ ಆರದು. ಇಂಥವರೇ ದೆವ್ವಗಳಾದರು ಎಂಬುದು ಈ ಲೇಖಕನ ಅಭಿಪ್ರಾಯ. ಹೆಸರು ಹೇಳಲಾಗದ ಸಾವನ್ನು ಊರು ನೆನಪಿಟ್ಟುಕೊಂಡ ಬಗೆಯೇ ಸೇತುವೆಯ ದೆವ್ವ.

ಸೇತುವೆಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಕಟ್ಟಿಸಿದ ಕಲ್ಲುಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಬಂದಿತು. ಕಂಬಗಳನ್ನು ಕಡಿದು ನಿಲ್ಲಿಸಿದವರ ಹೆಸರನ್ನು ಯಾರೂ ಹೇಳುವುದಿಲ್ಲ. ನಮ್ಮ ಕಾಲದಲ್ಲಿಯೂ ಹೊಸೂರು ರಸ್ತೆಯ ಸುಮಾರು 10 ಕಿಲೋಮೀಟರಿನ ಮೇಲ್ಸೇತುವೆ 2010ರಲ್ಲಿ ತೆರೆಯಿತು. ಬೊಮ್ಮಸಂದ್ರದವರೆಗೆ ಮೆಟ್ರೋ ರೈಲಿನ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಇಂಥ ಕಾರ್ಯಗಳ ಉದ್ಘಾಟನೆಯ ಫಲಕಗಳಲ್ಲಿ ಕೆತ್ತುವುದು ಗಣ್ಯರ ಹೆಸರುಗಳನ್ನೇ ಹೊರತು ಗಾರೆ ಹೊತ್ತವರ ಹೆಸರುಗಳನ್ನಲ್ಲ.

ನಮ್ಮ ಪರಂಪರೆಯಲ್ಲಿ ಇದಕ್ಕೆ ಬೇರೆಯ ಮಾದರಿಯೂ ಉಂಟು. ಶರಣರು ಮಾರಿ ಮಸಣಿಗಳ ಭಯವನ್ನು ತಿರಸ್ಕರಿಸಿದರು. ಅದರೊಡನೆಯೇ ಕಾಯಕ ಮಾಡುವವನ ಹೆಸರನ್ನು ಎತ್ತಿ ಹಿಡಿದರು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ ಎಂಬ ಹೆಸರುಗಳಲ್ಲಿ ಅವರವರ ಕೆಲಸವೇ ಬಿರುದಾಗಿ ನಿಂತಿದೆ. ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದ ಕಥೆಯನ್ನು ಭಾಗೀರಥಿಯ ಹಾಡಿನ ಪಕ್ಕದಲ್ಲಿಟ್ಟು ಪಾಠ ಹೇಳಿದರೆ ಮಕ್ಕಳಿಗೆ ಎಷ್ಟೋ ವಿಷಯ ತಾನಾಗಿ ತಿಳಿಯುತ್ತದೆ. ಅಲ್ಲಿ ಕೆರೆಯನ್ನು ತುಂಬಿಸಿದುದು ಸೊಸೆಯ ಬಲಿಯಲ್ಲ, ನೆರೆದ ಜನರ ದುಡಿಮೆ.

ಕಣ್ಣಿಗೆ ಕಂಡುದೇನು?

ಹಾಗಾದರೆ ಕಂಡೆವೆಂದು ಹೇಳುವವರೆಲ್ಲ ಸುಳ್ಳರೇ? ಹಾಗೆನ್ನಬೇಕಾದುದಿಲ್ಲ. ಇರುಳಿನಲ್ಲಿ ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಇಳಿಯುತ್ತದೆ. ಹಳ್ಳದ ತೇವ ಸೇರಿ ಅಲ್ಲಿ ಮಂಜು ಕಟ್ಟುತ್ತದೆ. ಸೇತುವೆ ಇರುವುದು ತಗ್ಗಿನಲ್ಲಿಯೇ. ದೀಪದ ಬೆಳಕು ಆ ಮಂಜಿನ ಮೇಲೆ ಬಿದ್ದರೆ ಬಿಳಿಯ ಆಕಾರ ತೋರುವುದು ಸಹಜ. ಕಮಾನಿನ ಸಂದುಗಳಲ್ಲಿ ವಾಸಿಸುವ ಕಣಜಗೂಬೆಯ ಮುಖವೂ ಎದೆಯೂ ಬಿಳಿ. ರೆಕ್ಕೆಯ ಸದ್ದಿಲ್ಲದೆ ಹಾರುತ್ತದೆ, ಕೂಗು ಮಾತ್ರ ಚೀತ್ಕಾರದಂತಿರುತ್ತದೆ. ಇಕ್ಕಟ್ಟಾದ ಸೇತುವೆ, ಅದಕ್ಕೆ ಮುಂಚೆ ಒಂದು ತಿರುವು, ಕುಸಿದ ಕೈಪಿಡಿಗೋಡೆ, ದೀಪವಿಲ್ಲದ ದಾರಿ, ಇಷ್ಟು ಸೇರಿದಲ್ಲಿ ಅಪಘಾತಗಳು ಮರುಕಳಿಸುತ್ತವೆ. ಮರುಕಳಿಸಿದಂತೆಲ್ಲ ಕಥೆಗೆ ಬಲ ಬರುತ್ತದೆ.

ನಿಜವಾದ ಹಾನಿ ಇರುವುದು ಇಲ್ಲಿಯೇ. ‘ಅಲ್ಲಿ ಗಾಳಿ ಇದೆ’ ಎಂದೊಡನೆ ವಿಚಾರಣೆ ನಿಂತುಹೋಗುತ್ತದೆ. ಗೋಡೆಯನ್ನು ಯಾರು ಕಟ್ಟಿಸಬೇಕಾಗಿತ್ತೆಂದು ಯಾರೂ ಕೇಳುವುದಿಲ್ಲ. ಸೊಸೆ ನೀರಿಗೆ ಬಿದ್ದುದು ಏಕೆಂದು ಕೇಳುವುದಿಲ್ಲ. ತಪ್ಪು ಮಾಡಿದವರಿಗೆ ದೆವ್ವದಷ್ಟು ಅನುಕೂಲವಾದ ಸಾಕ್ಷಿ ಮತ್ತೊಂದಿಲ್ಲ. ಅದನ್ನು ಕರೆದು ಕೇಳುವಂತಿಲ್ಲ.

ಅಧ್ಯಾಪಕರಲ್ಲಿ ಬಿನ್ನಹ

ಆದುದರಿಂದ ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳಿಂದ ತಮ್ಮ ತಮ್ಮ ಊರಿನ ಇಂಥ ಕಥೆಗಳನ್ನು ಬರೆಸಿ ತರಿಸಬೇಕೆಂದು ಅಧ್ಯಾಪಕ ಬಂಧುಗಳಲ್ಲಿ ಪ್ರಾರ್ಥನೆ. ಕಥೆಯನ್ನು ಹೇಳಿದವರ ಮಾತಿನಲ್ಲಿಯೇ, ತಿದ್ದದೆ ಬರೆಯಬೇಕು. ಕೆಳಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇರಬೇಕು. ಸೇತುವೆ ಅಥವಾ ಏರಿಯನ್ನು ಯಾರ ಕಾಲದಲ್ಲಿ ಕಟ್ಟಿದರು? ಅಲ್ಲಿ ಸತ್ತವರಾರು, ಹೇಗೆ ಸತ್ತರು? ಕಥೆಯಲ್ಲಿ ಕಂಡವರು ಯಾರು, ಕಂಡೆನೆಂದು ತಾವೇ ಹೇಳುತ್ತಾರೋ ಬೇರೆಯವರಿಂದ ಕೇಳಿದುದೋ? ಇಂದು ಅಲ್ಲಿ ಗೋಡೆ, ದೀಪ, ಎಚ್ಚರಿಕೆಯ ಫಲಕ ಇವೆಯೋ? ಸತ್ತವರ ಮನೆಯವರು ಇರುವಲ್ಲಿ ಅವರ ನೋವಿಗೆ ಧಕ್ಕೆಯಾಗದಂತೆ, ಹಿರಿಯರ ಜೊತೆಯಲ್ಲಿ ಹೋಗಿ ಕೇಳಬೇಕು. ಇರುಳಿನಲ್ಲಿ ಸಾಹಸಕ್ಕಾಗಿ ಸೇತುವೆಯ ಬಳಿ ಹೋಗುವುದನ್ನು ಮಾತ್ರ ಕಟ್ಟುನಿಟ್ಟಾಗಿ ತಡೆಯಬೇಕು. ಅಲ್ಲಿ ದೆವ್ವವಿಲ್ಲದಿದ್ದರೂ ಲಾರಿಗಳಿವೆ.

ಹೀಗೆ ಸಂಗ್ರಹವಾದ ಬರವಣಿಗೆಯಲ್ಲಿ ಒಂದು ಪ್ರತಿ ಶಾಲೆಯ ಗ್ರಂಥಭಂಡಾರದಲ್ಲಿರಲಿ. ನಾಲ್ಕನೆಯ ಪ್ರಶ್ನೆಯ ಉತ್ತರಗಳು ಗ್ರಾಮ ಪಂಚಾಯಿತಿಗೆ ಮನವಿಯ ರೂಪದಲ್ಲಿ ಹೋಗಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರರೂ ಗುತ್ತಿಗೆದಾರರೂ ವಕೀಲರೂ ಅನೇಕರಿದ್ದಾರೆ. ಅವರ ನೆರವು ಇಂಥಲ್ಲಿ ಸಾರ್ಥಕ. ದಾನಿಗಳು ಒಂದು ಮೋರಿಗೆ ಗೋಡೆ ಕಟ್ಟಿಸಿ, ಅದರ ಕಲ್ಲಿನಲ್ಲಿ ತಮ್ಮ ಹೆಸರಿಗೆ ಬದಲಾಗಿ ಅಲ್ಲಿ ಮಡಿದವರ ಹೆಸರನ್ನು, ಮನೆಯವರು ಒಪ್ಪಿದರೆ, ಕೆತ್ತಿಸಿದರೆ ಅದು ಹಿರಿಯರು ವೀರಗಲ್ಲು ನಿಲ್ಲಿಸಿದ ಪದ್ಧತಿಗೆ ಒಪ್ಪುವ ಪುಣ್ಯಕಾರ್ಯವಾಗುತ್ತದೆ. ಬಹುಕಾಲ ನೀರ ಬಳಿ ಕಾದು ನಿಂತ ಆ ಹೆಣ್ಣಿಗೆ ಊರು ಸಲ್ಲಿಸಬೇಕಾದ ಋಣವೂ ಅಷ್ಟರಮಟ್ಟಿಗೆ ತೀರುತ್ತದೆ.