ಟೈಮಿಂಗ್ ಬೆಲ್ಟ್: ಕಡಿಯುವ ಮುನ್ನವೇ ಬದಲಿಸಿ

ಎಂಜಿನ್ ಒಳಗೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಒಂದು ಸುತ್ತು ಮುಗಿಸಬೇಕು. ಆಗಷ್ಟೇ ವಾಲ್ವ್‌ಗಳು ಪಿಸ್ಟನ್‌ಗೆ ಅಡ್ಡ ಬರದೆ ತೆರೆದು ಮುಚ್ಚುತ್ತವೆ. ಅನೇಕ ಕಾರುಗಳಲ್ಲಿ ಈ ಲೆಕ್ಕ ಕಾಯುವುದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಅದೇ ಟೈಮಿಂಗ್ ಬೆಲ್ಟ್. ಓಡುವಾಗ ಅದು ಕಡಿದರೆ ಎಂಜಿನ್ ಥಟ್ಟನೆ ನಿಲ್ಲುತ್ತದೆ, ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗುತ್ತವೆ. ಆಗ ಬೀಳುವ ಖರ್ಚು ಬೆಲ್ಟ್ ಬದಲಿಸುವ ಖರ್ಚಿನ ಹಲವು ಪಟ್ಟು. ಬಹಳ ಸಲ ಬೆಲ್ಟ್ ಯಾವ ಸೂಚನೆಯನ್ನೂ ಕೊಡದೆ ಕಡಿಯುತ್ತದೆ. ಆದ್ದರಿಂದ ಲಕ್ಷಣಕ್ಕಾಗಿ ಕಾಯದೆ ಲೆಕ್ಕ ಇಡುವುದೇ ಸುರಕ್ಷಿತ.

1. ಬೆಲ್ಟೋ ಚೈನೋ ತಿಳಿಯಿರಿ
ಮಾರುತಿ 800, ಹಳೆಯ ಸ್ಯಾಂಟ್ರೊ, ಡೀಸೆಲ್ ಡಸ್ಟರ್‌ಗಳಲ್ಲಿ ಇರುವುದು ಬೆಲ್ಟ್. ಡೀಸೆಲ್ ಸ್ವಿಫ್ಟ್‌ನ 1.3 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್ ಬದಲು ಅದೇ ಕೆಲಸ ಮಾಡುವ ಚೈನ್ ಇದೆ. ಬಾನೆಟ್ ತೆರೆದ ಕೂಡಲೇ ಕಾಣುವ, ಆಲ್ಟರ್ನೇಟರ್ ತಿರುಗಿಸುವ ಫ್ಯಾನ್ ಬೆಲ್ಟ್ ಬೇರೆ. ಟೈಮಿಂಗ್ ಬೆಲ್ಟ್ ಕವರ್‌ನೊಳಗಿರುತ್ತದೆ.

2. ಕಿಲೋಮೀಟರ್ ಜೊತೆ ವರ್ಷವನ್ನೂ ಎಣಿಸಿ
ಸಾಮಾನ್ಯವಾಗಿ 60,000ದಿಂದ 1,00,000 ಕಿ.ಮೀ. ನಡುವೆ ಬೆಲ್ಟ್ ಬದಲಿಸಬೇಕಾಗುತ್ತದೆ. ನಿಮ್ಮ ಕಾರಿನ ನಿಖರ ಗಡುವು ಮ್ಯಾನುಯಲ್‌ನಲ್ಲಿರುತ್ತದೆ. ಕಾರು ಮನೆಯಲ್ಲೇ ನಿಂತಿದ್ದರೂ ರಬ್ಬರ್ ಹಳತಾಗುತ್ತದೆ. ಹಾಗಾಗಿ ಕಿಲೋಮೀಟರ್, ವರ್ಷ ಇವೆರಡರಲ್ಲಿ ಯಾವುದು ಮೊದಲು ತುಂಬುತ್ತದೋ ಅದನ್ನೇ ಗಡುವೆಂದು ತಿಳಿಯಿರಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಬೆಲ್ಟ್ ಬದಲಿಸಿದ ದಾಖಲೆ ಸಿಗದಿದ್ದರೆ ಮೊದಲು ಹೊಸದನ್ನು ಹಾಕಿಸಿ.

3. ಈ ಲಕ್ಷಣಗಳಿದ್ದರೆ ತಡಮಾಡಬೇಡಿ
• ಕವರ್ ಕಡೆಯಿಂದ ಟಿಕ್ ಟಿಕ್ ಅಥವಾ ಕೊರೆಯುವಂಥ ಸದ್ದು
• ಎಂಜಿನ್ ಮಿಸ್ ಹೊಡೆಯುವುದು, ಎಳೆತ ಕಡಿಮೆಯಾಗುವುದು
• ಕವರ್ ಸುತ್ತ ಆಯಿಲ್ ಅಥವಾ ಕೂಲೆಂಟ್ ಜಿನುಗುವುದು. ಆಯಿಲ್ ತಾಗಿದ ಬೆಲ್ಟ್ ಬೇಗ ಹಾಳಾಗುತ್ತದೆ

ಇವಕ್ಕೆ ಬೇರೆ ಕಾರಣಗಳೂ ಇರಬಹುದು. ಮೆಕ್ಯಾನಿಕ್ ಬಳಿ ಕವರ್ ತೆಗೆಸಿ ನೋಡಿ. ಬಿರುಕು, ಅಂಚಿನಲ್ಲಿ ಎದ್ದ ನೂಲು, ಮುರಿದ ಹಲ್ಲು, ಗಾಜಿನಂಥ ಹೊಳಪು ಕಂಡರೆ ಬೆಲ್ಟ್ ಬದಲಿಸಲೇಬೇಕು. ನೋಡಲು ಚೆನ್ನಾಗಿದ್ದರೂ ಗಡುವು ಮೀರಿದ್ದರೆ ಬಿಡಬೇಡಿ.

4. ಇಡೀ ಕಿಟ್ ಹಾಕಿಸಿ
ಬೆಲ್ಟ್ ಜೊತೆ ಅದನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ಅದರ ದಾರಿಯಲ್ಲಿ ತಿರುಗುವ ಐಡ್ಲರ್ ಪುಲಿಯನ್ನೂ ಬದಲಿಸಿ. ವಾಟರ್ ಪಂಪ್ ಇದೇ ಬೆಲ್ಟ್‌ನಿಂದ ತಿರುಗುವಂತಿದ್ದರೆ ಅದನ್ನೂ ಸೇರಿಸಿ. ಮುಂದೆ ಪಂಪ್ ಕೆಟ್ಟರೆ ಇಷ್ಟೇ ಕೂಲಿಯನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ. ಸೋರುವ ಆಯಿಲ್ ಸೀಲ್‌ಗಳನ್ನೂ ಆಗಲೇ ಸರಿಪಡಿಸಿಕೊಳ್ಳಿ.

5. ಓಡುವಾಗ ಎಂಜಿನ್ ನಿಂತರೆ
ಕಾರನ್ನು ರಸ್ತೆ ಬದಿಗೆ ತನ್ನಿ. ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರಾಗಿ, ಸಲೀಸಾಗಿ ತಿರುಗುತ್ತಿದೆ, ಆದರೆ ಸ್ಟಾರ್ಟ್ ಆಗುತ್ತಿಲ್ಲ ಎಂದರೆ ಬೆಲ್ಟ್ ಕಡಿದಿರಬಹುದು. ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಹಾನಿ ಹೆಚ್ಚುತ್ತದೆ. ಟೋ ಮಾಡಿಸಿ ಗ್ಯಾರೇಜ್‌ಗೆ ಒಯ್ಯಿರಿ.

ಹೊಸ ಬೆಲ್ಟ್ ಹಾಕಿಸಿದ ದಿನಾಂಕ ಮತ್ತು ಕಿಲೋಮೀಟರ್ ಬರೆದ ಚೀಟಿಯನ್ನು ಬಾನೆಟ್ ಒಳಗೆ ಅಂಟಿಸಿ, ಬಿಲ್ ಜೋಪಾನ ಮಾಡಿ. ಮುಂದಿನ ಗಡುವನ್ನು ನೆನಪಿಡುವ ಹೊರೆ ತಪ್ಪುತ್ತದೆ.