ಅಡಗಿದ ಮೂಲದ ಶೋಧ

ಬ್ಯಾಡಗಿ ಮೆಣಸಿನ ಬೀಜವು ಜೋಳದ ಹೊಲದಲ್ಲಿ ಬಿದ್ದು ಮೊಳೆತರೂ ಮೆಣಸಿನ ಗಿಡವೇ ಆಗುತ್ತದೆ. ಕ್ಯಾನ್ಸರ್ ರೋಗದ ರೀತಿಯೂ ಇದೇ. ಕರುಳಿನಲ್ಲಿ ಹುಟ್ಟಿದ ಅರ್ಬುದದ ಜೀವಕೋಶಗಳು ರಕ್ತದೊಡನೆ ಸಾಗಿ ಯಕೃತ್ತಿನಲ್ಲಿ ನೆಲಸಿ ಬೆಳೆದರೂ ಅವು ಕರುಳಿನ ಕ್ಯಾನ್ಸರಿನ ಕೋಶಗಳೇ. ಅವಕ್ಕೆ ಕರುಳಿನ ಕ್ಯಾನ್ಸರಿಗೆ ತಕ್ಕ ಔಷಧವನ್ನೇ ಕೊಡಬೇಕು. ಆದುದರಿಂದ ಗಂಟು ಎಲ್ಲಿ ಕಂಡಿತು ಎಂಬುದಕ್ಕಿಂತ ಎಲ್ಲಿಂದ ಬಂದಿತು ಎಂಬುದೇ ವೈದ್ಯರಿಗೆ ಮುಖ್ಯ.

ಕೆಲವು ವೇಳೆ ಈ ಮೂಲವೇ ತಿಳಿಯದು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗಾಗಲಿ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ ಕೊರಳಿನಲ್ಲಿ ನೋವಿಲ್ಲದ ಗಂಟನ್ನು ಹೊತ್ತು ಬರುವವರುಂಟು. ಸೂಜಿಯಿಂದ ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಬೇರೆಡೆಯಿಂದ ಬಂದ ಕ್ಯಾನ್ಸರೆಂದು ಗೊತ್ತಾಗುತ್ತದೆ. ಆದರೆ ಬಾಯಿ, ಗಂಟಲುಗಳಲ್ಲಿ ಕಣ್ಣಿಗೆ ಏನೂ ತೋರದು. ಮೂಲವು ನಾಲಗೆಯ ಬುಡದಲ್ಲಿಯೋ ಟಾನ್ಸಿಲ್ಲಿನ ಮಡಿಕೆಯಲ್ಲಿಯೋ ಕಡಲೆಕಾಳಿನಷ್ಟಾಗಿ ಅಡಗಿರಬಹುದು. ಅದು ಸಿಕ್ಕದಿದ್ದರೆ ಗಂಟಲಿನ ಬಹುಭಾಗಕ್ಕೆ ವಿಕಿರಣ ಕೊಡಬೇಕಾದೀತು. ಆಗ ಜೊಲ್ಲು ಬತ್ತಿ, ರೊಟ್ಟಿಯ ತುತ್ತು ನುಂಗುವುದೂ ಕಷ್ಟವಾಗುತ್ತದೆ.

1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷ-ಕಿರಣವೂ, 1971ರಲ್ಲಿ ಮೊದಲ ರೋಗಿಗೆ ಬಳಕೆಯಾದ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವೂ ಅಂಗಗಳ ಆಕಾರವನ್ನು ತೋರಿಸುತ್ತವೆ. ಪೆಟ್ ಪರೀಕ್ಷೆಯಾದರೋ ಅವುಗಳ ಹಸಿವನ್ನು ತೋರಿಸುತ್ತದೆ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಅತಿಯಾಗಿ ಬಳಸುತ್ತವೆಂದು ಜರ್ಮನಿಯ ಆಟೊ ವಾರ್‌ಬರ್ಗ್ 1920ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದರು. ಗ್ಲೂಕೋಸಿನಂತಹ ವಸ್ತುವಿಗೆ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣುವನ್ನು ಸೇರಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಹಸಿದ ಕೋಶಗಳು ಅದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಫ್ಲೋರಿನ್ ಹೊರಚೆಲ್ಲಿದ ಪಾಸಿಟ್ರಾನು ಎಲೆಕ್ಟ್ರಾನನ್ನು ಸಂಧಿಸಿದೊಡನೆ ಎರಡೂ ಅಳಿದು, ವಿರುದ್ಧ ದಿಕ್ಕುಗಳಿಗೆ ಎರಡು ಗಾಮಾ ಕಿರಣಗಳು ಚಿಮ್ಮುತ್ತವೆ. ಸುತ್ತಲಿನ ಯಂತ್ರವು ಅವನ್ನು ಹಿಡಿದು, ಅವು ಹೊರಟ ತಾಣವನ್ನು ಲೆಕ್ಕಹಾಕಿ ಚಿತ್ರದಲ್ಲಿ ಬೆಳಗಿಸುತ್ತದೆ. ಭಾರತದಲ್ಲಿ ಈ ಪರೀಕ್ಷೆಯು 2002ರಲ್ಲಿ ಮುಂಬಯಿಯಲ್ಲಿ ಮೊದಲಾಯಿತು.

ಈ ದ್ರವ್ಯವನ್ನು ಕೂಡಿಡುವಂತಿಲ್ಲ. ಸೈಕ್ಲೋಟ್ರಾನ್ ಯಂತ್ರದಲ್ಲಿ ತಯಾರಾದ ಫ್ಲೋರಿನ್-18 ಸುಮಾರು 110 ನಿಮಿಷಗಳಿಗೊಮ್ಮೆ ಅರ್ಧವಾಗುತ್ತದೆ. ಬೆಂಗಳೂರಿನಲ್ಲಿ ತುಂಬಿದ ಸೀಸೆಯು ಐದೂವರೆ ತಾಸಿನಲ್ಲಿ ಕುಪ್ಪೇಲೂರನ್ನು ಮುಟ್ಟಿತೆಂದುಕೊಂಡರೆ, ಅದರಲ್ಲಿ ಎಂಟನೆಯ ಒಂದು ಪಾಲು ಮಾತ್ರ ಉಳಿದಿರುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಹೀಗಾಗಿ ರೋಗಿಯೇ ನಗರಕ್ಕೆ ಹೋಗಬೇಕಾಗುತ್ತದೆ.

ಬೆಳಗುವುದೆಲ್ಲ ಕ್ಯಾನ್ಸರಲ್ಲ. ಮಿದುಳು ಸದಾ ಸಕ್ಕರೆಯನ್ನು ಬೇಡುತ್ತದೆ. ಕ್ಷಯದ ಗಂಟೂ ಬೆಳಗುತ್ತದೆ. ಕ್ಷಯವು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ವೈದ್ಯರು ಬೆಳಗಿದ ತಾಣದಿಂದ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸಿದ ನಂತರವೇ ಮೂಲ ಇದೆಂದು ನಿರ್ಧರಿಸುತ್ತಾರೆ. ಅನೇಕರಲ್ಲಿ ಎಷ್ಟು ಹುಡುಕಿದರೂ ಅದು ದೊರೆಯುವುದಿಲ್ಲ. ಆಗ ಕೋಶಗಳ ಲಕ್ಷಣವನ್ನೇ ಆಧರಿಸಿ ಚಿಕಿತ್ಸೆ ನಡೆಯುತ್ತದೆ.